ಪಟದೊಳಗಿನ ಕೈ

ತ್ರಿವೇಣಿಯ ಜೊತೆ ಕೂತು ಟಿವಿ ನೋಡುವುದೆಂದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಧಾರಾವಾಹಿಯ ಸೊಸೆ ಅತ್ತೆಯ ಹಾಲಿಗೆ ಏನೋ ಬೆರೆಸುತ್ತಿರುತ್ತಾಳೆ, ನನ್ನ ಎದೆ ಡವಡವ ಅನ್ನುತ್ತಿರುತ್ತದೆ. ಅಷ್ಟರಲ್ಲಿ ಇವಳು ಪಕ್ಕದಿಂದ, "ಅಕ್ಕಾ, ಆ ಕಿಟಕಿ ನೋಡಿ. ಆಚೆ ಕತ್ತಲೆ ಐತೆ, ಒಳಗೆ ಮಾತ್ರ ಬಿಸಿಲು ಬಿದ್ದೈತೆ. ಎಲ್ಲಿಂದ ಬಂತು?" ಅನ್ನುತ್ತಾಳೆ. ಎಲ್ಲಿಂದಾದರೂ ಬರಲಿ, ನಿನಗೇನು ತಾಯಿ? ನನಗೆ ಆ ಅತ್ತೆ ಹಾಲು ಕುಡಿದಳೋ ಇಲ್ಲವೋ ಗೊತ್ತಾಗಬೇಕು. ಒಂದು ಸಲ ಕಿಟಕಿ ಕಡೆ ನೋಡಿದೆನೋ, ಮುಗಿಯಿತು. ಆಮೇಲೆ ಅತ್ತೆಯೂ ಬೇಡ, ಹಾಲೂ ಬೇಡ, ಬರೀ ಬಣ್ಣ ಬಳಿದ ಹಲಗೆಗಳೇ ಕಾಣಿಸುತ್ತವೆ.

ನನ್ನ ಹೆಸರು ಅನ್ನದಾನಮ್ಮ. ರಾಯದುರ್ಗದ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವಳು. ಆಂಧ್ರದಲ್ಲಿ ಕನ್ನಡ ಪಾಠವೇ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಈಗ ಬಿಟ್ಟುಬಿಟ್ಟಿದ್ದೇನೆ. ತ್ರಿವೇಣಿ ಅದೇ ಶಾಲೆಯ ಸೋಶಿಯಲ್ ಟೀಚರು. ನಮ್ಮ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ, ರಾತ್ರಿ ಊಟಕ್ಕೆ ಕೆಳಗೆ ನನ್ನ ಹತ್ತಿರ ಬರುತ್ತಾಳೆ. ಊರು ಮಡಕಶಿರದ ಕಡೆ, ಆಂಧ್ರದ ಗುಡಿಬಂಡೆಗೆ ಹತ್ತಿರದ ಒಂದು ಹಳ್ಳಿ. ಒಂದೇ ಜಿಲ್ಲೆ ಅಂತ ಇದ್ದದ್ದನ್ನು ಈಗ ಬೇರೆ ಬೇರೆ ಮಾಡಿದ್ದಾರೆ, ಆದರೆ ಜಿಲ್ಲೆ ಒಂದೇ ಇದ್ದಾಗಲೂ ನಮ್ಮ ಕನ್ನಡ ಒಂದೇ ಇರಲಿಲ್ಲ. ನಾನು ಬಳ್ಳಾರಿಯವರ ಹಾಗೆ ಮಾತಾಡುತ್ತೇನೆ, ಅವಳು ಸಿರಾದವರ ಹಾಗೆ. ನನ್ನ ಮಗಳ ವಯಸ್ಸಿನವಳು ನನ್ನನ್ನು ಅಕ್ಕ ಅನ್ನುತ್ತಾಳೆ, ನಾನೂ ಸುಮ್ಮನೆ ಅನ್ನಿಸಿಕೊಳ್ಳುತ್ತೇನೆ.

ಅವಳ ಕೋಣೆಯಲ್ಲಿ ಸಾಮಾನು ಅಂತ ಹೆಚ್ಚೇನಿಲ್ಲ. ಮಂಚದ ಎದುರಿನ ಗೋಡೆಗೆ ಒಂದು ಪಟ. ಕಪ್ಪು ಬಿಳುಪಿನದು, ಸ್ಟುಡಿಯೋದಲ್ಲಿ ತೆಗೆಸಿದ್ದು. ಕುರ್ಚಿಯ ಮೇಲೆ ಕೂತ ಎಳೆಯ ಹೆಂಗಸು, ತೊಡೆಯ ಮೇಲೆ ಕೂಸು. ಹೆಂಗಸಿನ ಹಣೆಯಲ್ಲಿ ಕಾಸಗಲ ಕುಂಕುಮ, ತಲೆಯಲ್ಲಿ ಕನಕಾಂಬರ. ಒಂದು ಕೈ ಕೂಸಿನ ಕೆಳಗೆ, ಇನ್ನೊಂದು ಕೈ ಅದರ ಎದೆಯ ಮೇಲೆ ಅಡ್ಡ. ಕೂಸು ತ್ರಿವೇಣಿ, ಹೆಂಗಸು ಅವಳ ತಾಯಿ ಕದರಮ್ಮ.

ಕದರಮ್ಮ ಜ್ವರ ಬಂದು ತೀರಿಕೊಂಡಾಗ ತ್ರಿವೇಣಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಅಪ್ಪ ಎರಡನೆಯ ಮದುವೆ ಮಾಡಿಕೊಂಡು ತನ್ನ ದಾರಿ ಹಿಡಿದ. ಸಾಕಿದ್ದು ತಾಯಿಯ ತಾಯಿ, ಪಾಪಕ್ಕ. ಗಂಡ ಸತ್ತ ಹೆಂಗಸು, ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ. ತ್ರಿವೇಣಿ ಆರನೇ ಕ್ಲಾಸಿನಲ್ಲಿರುವಾಗ ಅವಳೂ ತೀರಿಕೊಂಡಳು. ಆಮೇಲೆ ಹಾಸ್ಟೆಲ್ಲು, ಟೀಚರ್ ಟ್ರೈನಿಂಗು, ನೌಕರಿ. ಅಜ್ಜಿ ಹೇಗಿದ್ದಳು ಎಂದು ನಾನು ಕೇಳಿದರೆ, "ತುಂಬಾ ಬಯ್ತಿದ್ಲು ಅಕ್ಕಾ" ಎಂದು ನಕ್ಕು ಮಾತು ಮುಗಿಸುತ್ತಿದ್ದಳು. ಅಮ್ಮನ ವಿಷಯ ಬಂದರೆ ಮಾತ್ರ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ.

"ಇಲ್ಲಿ ನೋಡಿ ಅಕ್ಕಾ," ಎಂದು ನನ್ನನ್ನು ಪಟದ ಹತ್ತಿರ ಕರೆದುಕೊಂಡು ಹೋಗುತ್ತಿದ್ದಳು. "ಬೆರಳು ಒತ್ತಿ ನನ್ನ ಅಂಗಿ ಮಡಿಕೆ ಬಿದ್ದೈತೆ. ಎಷ್ಟು ಗಟ್ಟಿಯಾಗಿ ಹಿಡ್ಕಂಡಿದಾಳೆ ನೋಡಿ. ಎಲ್ಲಿ ಬಿದ್ದೋಗ್ತೀನೋ ಅಂತ."

ಎಷ್ಟು ಸಲ ತೋರಿಸಿದರೂ ನಾನು ಹೊಸದಾಗಿ ನೋಡಿದವಳಂತೆ ಹೂಂ ಅನ್ನಬೇಕು. ಮದುವೆಯ ಮಾತು ಎತ್ತಿದರೆ ಎದ್ದು ಹೋಗುವ ಹುಡುಗಿ, ಈ ಪಟದ ಮುಂದೆ ನಿಂತರೆ ಹಾಲು ಕುಡಿಯುವ ಕೂಸಾಗುತ್ತಿದ್ದಳು. ಅವಳಿಗೆ ತಾಯಿಯ ದನಿ ಗೊತ್ತಿಲ್ಲ, ವಾಸನೆ ಗೊತ್ತಿಲ್ಲ. ತಾಯಿ ತನ್ನನ್ನು ಮುಟ್ಟಿದ್ದಳು ಅನ್ನುವುದಕ್ಕೆ ಅವಳ ಹತ್ತಿರ ಇದ್ದದ್ದು ಆ ಅಂಗಿಯ ಮಡಿಕೆ ಒಂದೇ. ಬಹುಶಃ ಪಟವನ್ನು ಅಷ್ಟು ಹತ್ತಿರದಿಂದ ನೋಡುವ ಚಟ ಹಿಡಿದದ್ದೂ ಅಲ್ಲಿಂದಲೇ.

ಆ ಚಟವನ್ನು ಅವಳು ಶಾಲೆಗೂ ತಂದಳು. ಶನಿವಾರ ನಮ್ಮ ಮಕ್ಕಳು ಪುಸ್ತಕದ ಚೀಲ ತರುವುದಿಲ್ಲ. ಆ ದಿನದ ಕೊನೆಯ ಪೀರಿಯಡ್ಡನ್ನು ಒಂಬತ್ತನೇ ಕ್ಲಾಸಿಗೆ ಚಿತ್ರ ನೋಡುವುದಕ್ಕೆ ಅಂತ ಇಟ್ಟುಕೊಂಡಳು. ಹೆಡ್ಮಾಸ್ಟರು ಸಿದ್ದರಾಮೇಶ್ ಸಾರು, "ಸಿಲಬಸ್ಸಿನಾಗ ಐತೇನ್ರಿ ಮೇಡಂ ಇದು?" ಎಂದು ಕೇಳಿದರು. "ಪುಸ್ತಕದಲ್ಲಿ ಚಿತ್ರ ಇದಾವಲ್ಲ ಸಾರ್, ಓದೋದು ಹೇಳಿಕೊಡ್ತೀವಿ, ನೋಡೋದು ಯಾರು ಹೇಳಿಕೊಡ್ತಾರೆ?" ಅಂದಳು. ಅವರು ಪೆನ್ನು ತೆಗೆದು ಸಹಿ ಹಾಕಿದರು.

ಕ್ಲಾಸಿನ ಗೋಡೆಯಲ್ಲಿ ಸರ್ಕಾರ ಕೊಟ್ಟ ದೊಡ್ಡ ಟಿವಿ ಇದೆ. ಅದರಲ್ಲಿ ಒಂದು ಚಿತ್ರ ಹಾಕಿ ಇವಳು ಕೈಕಟ್ಟಿ ನಿಲ್ಲುತ್ತಾಳೆ. ಮುಖದ ಕ್ರೀಮಿನ ಜಾಹೀರಾತು, ಊರ ಬಾಗಿಲಿನ ಫ್ಲೆಕ್ಸು, ಸುದ್ದಿ ಚಾನಲ್ಲಿನ ಒಂದು ತುಣುಕು, ಯಾವುದಾದರೂ ಸರಿ. ಇದನ್ನು ತೆಗೆದವನು ಎಲ್ಲಿ ನಿಂತಿದ್ದ? ಚೌಕಟ್ಟಿನ ಆಚೆ ಏನು ಬಿಟ್ಟ? ನನಗೇ ಯಾಕೆ ತೋರಿಸುತ್ತಿದ್ದಾನೆ, ನೋಡಿದ ಮೇಲೆ ನಾನು ಏನು ಮಾಡಲಿ ಅಂತ? ಮಕ್ಕಳು ಮೊದಮೊದಲು ಬಾಯಿ ಬಿಟ್ಟು ಕೂತವು, ಆಮೇಲೆ ಹುರುಪು ಹತ್ತಿತು. ಇಲ್ಲಿ ಮನೆಮನೆಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸ. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕುವುದನ್ನು ಈ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ.

ಮೊದಲು ಸಿಕ್ಕಿಬಿದ್ದವರು ಹೆಡ್ಮಾಸ್ಟರೇ. ಆಗಸ್ಟ್ ಹದಿನೈದಕ್ಕೆ ಗೇಟಿನ ಮುಂದೆ ಅವರ ಫ್ಲೆಕ್ಸು ಕಟ್ಟಿದ್ದರು, ಕೋಟು ಟೈ ಹಾಕಿ ಕೈ ಮುಗಿದು ನಿಂತದ್ದು. "ಸಾರಿನ ಮುಖ ಕಪ್ಪು, ಕೈ ಕೆಂಪು. ಕೋಟು ಮತ್ಯಾರದೋ ಐತ್ರಿ" ಎಂದು ಇಡೀ ಕ್ಲಾಸು ಹೇಳಿತು. ಸಿದ್ದರಾಮೇಶ್ ಸಾರು ಹುಟ್ಟಿದಾಗಿನಿಂದ ಕೋಟು ಹಾಕಿದವರಲ್ಲ. ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು ಮೂರನೆಯ ದಿನ ಅವರೇ ನಗುತ್ತ ಸ್ಟಾಫ್ ರೂಮಿನಲ್ಲಿ ಆ ಕಥೆ ಹೇಳಿದರು.

ಅಷ್ಟಕ್ಕೇ ಆಗಿದ್ದರೆ ತಮಾಷೆ ಅನ್ನಬಹುದಿತ್ತು. ಹೋದ ಮಳೆಗಾಲದಲ್ಲಿ ಬೊಮ್ಮನಹಾಳ್ ಕಡೆ ಕಾಲುವೆ ಒಡೆದಿದೆ, ಹಳ್ಳಿ ಮುಳುಗುತ್ತಿದೆ ಎಂದು ಒಂದು ವಿಡಿಯೋ ಹರಿದಾಡಿತು. ನಮ್ಮ ಅಟೆಂಡರ್ ಹುಲುಗಪ್ಪನ ಬೀಗರು ಅಲ್ಲಿಯವರು. ಅವನು ಅಳುತ್ತ ಫೋನು ಹಿಡಿದು ಬಂದ. ನಾನೂ ನಂಬಿಬಿಟ್ಟೆ. ಒಂಬತ್ತನೇ ಕ್ಲಾಸಿನ ವಿಜಯಲಕ್ಷ್ಮಿ ಅನ್ನುವ ಹುಡುಗಿ, ಎಂದೂ ಹೆಚ್ಚು ಮಾತಾಡದವಳು, ಫೋನು ಇಸಿದುಕೊಂಡು ಎರಡು ಸಲ ನೋಡಿ, "ಅಂಗಡಿ ಬೋರ್ಡು ಕನ್ನಡಾನೂ ಅಲ್ರಿ, ತೆಲುಗೂ ಅಲ್ರಿ. ನಮ್ಮ ಕಡೀದಲ್ಲ ಇದು" ಅಂದಳು. ಹುಲುಗಪ್ಪ ಬೀಗರಿಗೆ ಫೋನು ಹಚ್ಚಿದರೆ ಅವರು ಹೊಲದಲ್ಲಿ ನಾಟಿ ಮಾಡುತ್ತಿದ್ದರು. ಅವತ್ತಿನಿಂದ ನಾನು ತ್ರಿವೇಣಿಯ ಶನಿವಾರದ ಕ್ಲಾಸಿಗೆ ಅಡ್ಡ ಮಾತಾಡುವುದನ್ನು ಬಿಟ್ಟೆ. ಬಿಡುವಿದ್ದರೆ ಕುರ್ಚಿ ಹಾಕಿಕೊಂಡು ಹಿಂದೆ ಕೂರುತ್ತಿದ್ದೆ.

ದಸರಾ ರಜೆ ಮುಗಿದ ಮೇಲೆ ಅವಳು ಮಕ್ಕಳಿಗೆ ಮನೆಯ ಗೋಡೆಯ ಮೇಲಿರುವ ಒಂದೊಂದು ಪಟ ತರಲು ಹೇಳಿದಳು. "ಸುಳ್ಳು ಹಿಡಿಯೋದು ಸುಲಭ. ನಿಮಗೆ ತುಂಬಾ ಬೇಕಾದ ಪಟ ಯಾವುದೋ ಅದನ್ನ ತನ್ನಿ. ಬೇಕಾದ್ದನ್ನ ಸರಿಯಾಗಿ ನೋಡೋದು ಎಲ್ಲಕ್ಕಿಂತ ಕಷ್ಟ," ಅಂದಳು. ಮಕ್ಕಳು ತಾತಂದಿರನ್ನೂ ಮುತ್ತಾತಂದಿರನ್ನೂ ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಒಬ್ಬರ ತಾತನ ಕೈಯಲ್ಲಿ ಬ್ರಷ್ಷಿನಿಂದ ಬರೆದ ಗಡಿಯಾರ ಇತ್ತು. ಒಬ್ಬರ ಅಪ್ಪ ಅಮ್ಮ ರಾಯದುರ್ಗ ಬಿಟ್ಟು ಹೋದವರೇ ಅಲ್ಲ, ಪಟದಲ್ಲಿ ಜಲಪಾತದ ಮುಂದೆ ನಿಂತಿದ್ದರು. ನಕ್ಕು ನಕ್ಕು ಸಾಕಾಯಿತು. ಕೊನೆಗೆ ಯಾರೋ, "ಟೀಚರ್, ನಿಮ್ದ್ಯಾವಾಗ ತರ್ತೀರಿ?" ಅಂದರು.

ಮುಂದಿನ ಶನಿವಾರ ಅವಳು ಆ ಪಟವನ್ನು ಟವಲಿನಲ್ಲಿ ಸುತ್ತಿ ತಂದಳು. ನನಗೆ ಅದು ಇಷ್ಟವಾಗಲಿಲ್ಲ. ತಾಯಿಯನ್ನು ಯಾರಾದರೂ ಹಾಗೆ ಮೂವತ್ತು ಜನರ ಮುಂದೆ ಇಡುತ್ತಾರೆಯೇ? ಆದರೆ ಅವಳ ಮುಖ ಹಬ್ಬದ ಮುಖದ ಹಾಗಿತ್ತು. ಫೋನಿನಲ್ಲಿ ಅದರ ಚಿತ್ರ ತೆಗೆದು ದೊಡ್ಡ ಟಿವಿಯಲ್ಲಿ ಹಾಕಿದಳು. ಕದರಮ್ಮ ಗೋಡೆಯಗಲ ಆದಳು.

ಮಕ್ಕಳು ಅಂಗಿಯ ಮಡಿಕೆಯನ್ನು ತಾವಾಗಿಯೇ ನೋಡಿದರು. ಕೂಸು ಕ್ಯಾಮೆರಾ ನೋಡುತ್ತಿಲ್ಲ, ಮೇಲೆ ನೋಡುತ್ತಿದೆ, ಎತ್ತಿಕೊಂಡವರ ಮುಖ ನೋಡುತ್ತಿದೆ ಅಂದರು. ತ್ರಿವೇಣಿಯ ಕಣ್ಣು ಹೊಳೆಯುತ್ತಿತ್ತು. ಅಷ್ಟರಲ್ಲಿ ವಿಜಯಲಕ್ಷ್ಮಿ ಎದ್ದು ನಿಂತಳು.

"ಟೀಚರ್, ಅಮ್ಮಾರ ಕೈಯಾಗ ಬಳಿ ಯಾಕ ಇಲ್ರಿ?"

ನಾನು ಹಿಂದಿನಿಂದ ನೋಡಿದೆ. ಎರಡೂ ಕೈ ಬರಿದು. ಇಷ್ಟು ವರ್ಷ ಆ ಪಟದ ಮುಂದೆ ನಿಂತು ಹೂಂ ಅಂದವಳು ನಾನು, ಒಂದು ದಿನವೂ ಅದನ್ನು ಕಂಡಿರಲಿಲ್ಲ.

"ಮಗೂಗೆ ಚುಚ್ಚುತ್ತೆ ಅಂತ ತೆಗೆದಿಟ್ಟಿರಬಹುದು," ಅಂದಳು ತ್ರಿವೇಣಿ.

"ಬಾಣಂತಿ ಬಳಿ ತೆಗಿಯಂಗಿಲ್ರಿ. ನಮ್ಮಕ್ಕ ಕೈ ತುಂಬ ಹಾಕ್ಕೊಂಡಿದ್ಲು. ಹಣಿಗೆ ಕುಂಕುಮ ಐತಿ, ತಲಿಯಾಗ ಹೂವ ಐತಿ, ಬಳಿ ಅಷ್ಟ ಇಲ್ಲ."

ಮುಂದಿನ ಸಾಲಿನಿಂದ ಇನ್ನೊಂದು ದನಿ ಬಂತು. ಅದಕ್ಕೇನು ಗೊತ್ತು ಪಾಪ, ಹೆಡ್ಮಾಸ್ಟರ ಕೋಟು ನೋಡಿದ ಕ್ಲಾಸು ಅದು. "ಹಂಗಾದ್ರ ಮುಖ ಒಬ್ರುದು, ಕೈ ಒಬ್ರುದೇನ್ರಿ?"

ಗಂಡ ಸತ್ತ ಹೆಂಗಸಿನ ಬಳೆ ಒಡೆಯುವುದು ನಮ್ಮ ಕಡೆ ಇನ್ನೂ ಇದೆ. ನನ್ನ ಯಜಮಾನರು ಹೋದಾಗ ನನಗೂ ಹೇಳಿದರು. ನಾನು ಆಗಲ್ಲ ಅಂದೆ, ಎರಡೆರಡು ಗಾಜಿನ ಬಳೆ ಇವತ್ತಿಗೂ ಹಾಕಿಕೊಳ್ಳುತ್ತೇನೆ, ಅನ್ನುವವರು ಅನ್ನುತ್ತಾರೆ. ಹಾಗಾಗಿ ಬರಿಗೈ ಅಂದರೆ ಏನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತ್ರಿವೇಣಿಗೂ ಬೇಕಾಗಿರಲಿಲ್ಲ. ಅವಳು ಪರದೆಯ ಹತ್ತಿರ ಹೋಗಿ ಆ ಕೈಗಳನ್ನು ನೋಡಿದಳು. "ಇರಬಹುದು. ಚೆನ್ನಾಗಿ ನೋಡಿದೀಯ ವಿಜಯಲಕ್ಷ್ಮಿ, ಕೂತ್ಕೋ," ಅಂದಳು. ಪಟವನ್ನು ಮತ್ತೆ ಟವಲಿನಲ್ಲಿ ಸುತ್ತಿದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಹುಡುಗಿಯ ಕಿವಿ ಹಿಂಡಬೇಕು ಅನ್ನಿಸಿತು. ಆಮೇಲೆ ಕಲಿಸಿದವಳ ಮೇಲೆ ಬಂತು. ಕಣ್ಣು ತೆರೆಸುತ್ತೇನೆ ಎಂದು ಹೊರಟವಳು ತನ್ನದೇ ಮನೆಯ ದೀಪ ಆರಿಸಿಕೊಂಡು ಬಂದಳಲ್ಲ ಎಂದು.

ಸಂಜೆ ಅವಳು ಟೀ ಕುಡಿಯಲು ಕೆಳಗೆ ಬರಲಿಲ್ಲ. ನಾನೇ ಲೋಟ ಹಿಡಿದು ಮೆಟ್ಟಿಲು ಹತ್ತಿದೆ. ಪಟದ ಹಿಂದಿನ ಹಲಗೆ ಬಿಚ್ಚಿ ಮಂಚದ ಮೇಲೆ ಹರಡಿಕೊಂಡು ಕೂತಿದ್ದಳು. ಫೋನಿನಲ್ಲಿ ದೊಡ್ಡದು ಮಾಡಿ ನನಗೆ ಕುತ್ತಿಗೆ ತೋರಿಸಿದಳು. ಗದ್ದದ ಕೆಳಗೆ, ಸೆರಗಿನ ಮೇಲೆ, ಬ್ರಷ್ಷು ಎಳೆದ ಗುರುತು ಸಣ್ಣದಾಗಿ ಕಾಣುತ್ತಿತ್ತು.

"ಎಷ್ಟೊಂದು ಪಟದಲ್ಲಿ ಇದನ್ನ ಹುಡುಕಿ ತೋರಿಸಿದೀನಿ ಅಕ್ಕಾ. ನಮ್ಮನೇದು ಮಾತ್ರ ನೋಡಿಲ್ಲ."

"ಸುಮ್ನ ಮುಚ್ಚಿ ಗ್ವಾಡಿಗೆ ಹಾಕವ್ವ. ಎಲ್ಲಾನೂ ನೋಡಬಾರದು."

"ನನ್ನ ಹಿಡಿದಿರೋದು ಅಮ್ಮ ಅಲ್ಲ ಅಂದ್ರೆ, ಅಮ್ಮ ನನ್ನ ಎತ್ಕಂಡಿದ್ಲು ಅನ್ನೋಕೆ ನನ್ನತ್ರ ಇನ್ನೇನೂ ಇಲ್ಲ."

"ಹೆತ್ತಾಕಿ ಎತ್ತಿಕೊಳ್ಳದ ಇರ್ತಾಳೇನು? ಏನ್ ಮಾತಂತ ಆಡ್ತಿ."

"ಗೊತ್ತು ಅಕ್ಕಾ. ಗೊತ್ತಿರೋದು ಬೇರೆ, ನೋಡೋದು ಬೇರೆ. ನಾನು ದಿನಾ ನೋಡ್ತಿದ್ದೆ."

ಪಟದ ರಟ್ಟಿನ ಮೂಲೆಯಲ್ಲಿ ಮಡಕಶಿರದ ಸ್ಟುಡಿಯೋದ ಹೆಸರು ಅಚ್ಚಾಗಿತ್ತು. ನಾಳೆ ಭಾನುವಾರ, ಹೋಗುತ್ತೇನೆ ಅಂದಳು. ಬೇಡ ಅಂದೆ. ಕೇಳಲಿಲ್ಲ. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಸೀರೆ ಬದಲಾಯಿಸಿ ಹೊರಟೆ.

ರಾಯದುರ್ಗದಿಂದ ಮಡಕಶಿರಕ್ಕೆ ನೇರವಾಗಿ ಹೋಗುವ ಭಾಗ್ಯ ನಮಗಿಲ್ಲ. ಕಲ್ಯಾಣದುರ್ಗದಲ್ಲಿ ಇಳಿದು ಹತ್ತು, ಪಾವಗಡದಲ್ಲಿ ಇಳಿದು ಹತ್ತು. ದಾರಿಯುದ್ದಕ್ಕೂ ಪಟವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು.  ಪಾವಗಡ ಹತ್ತಿರವಾದಾಗ, "ಜ್ವರ ಬಂದಾಗ ಕೈ ಊದುತ್ತಲ್ವಾ ಅಕ್ಕಾ? ಅದಕ್ಕೇ ಬಳೆ ತೆಗೆಸಿದ್ರೇನೋ," ಅಂದಳು. ಹೌದು ಹೌದು, ನನಗೂ ಹಾಗೇ ಅನ್ನಿಸುತ್ತಿದೆ ಎಂದು ನಾನು ಸ್ವಲ್ಪ ಜೋರಾಗಿಯೇ ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಹಾಗೇ ಇರಲಪ್ಪ ಎಂದು ನಾನು ಒಳಗೊಳಗೆ ಬೇಡಿಕೊಳ್ಳುತ್ತಿದ್ದೆ.

ಸ್ಟುಡಿಯೋ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇನ್ನೂ ಇತ್ತು. ಮುಂದೆ ಕಂಪ್ಯೂಟರ್ ಇಟ್ಟುಕೊಂಡು ಯುವರಾಜ್ ಅನ್ನುವವನು ಫ್ಲೆಕ್ಸಿನ ಕೆಲಸ ಮಾಡುತ್ತಿದ್ದ. ಅವನ ಅಪ್ಪ ಬಸವರಾಜು, ಸ್ಟುಡಿಯೋ ಕಟ್ಟಿದವರು, ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಡ್ಲೆಕಾಯಿ ಸುಲಿಯುತ್ತಿದ್ದರು. ಟವಲು ಬಿಚ್ಚಿ ಪಟವನ್ನು ಅವರ ಕೈಗೆ ಕೊಟ್ಟಾಗ ಸಿಪ್ಪೆ ಕೊಡವಿಕೊಂಡು, ಕನ್ನಡಕ ಏರಿಸಿ ನೋಡಿದರು.

"ಹಿಂದಿರೋ ಪರದೆ ನಮ್ದೇ. ಪಾಪಕ್ಕ ನಿಮ್ಗೇನಾಗ್ಬೇಕವ್ವ?"

ತ್ರಿವೇಣಿ ನನ್ನ ಕಡೆ ನೋಡಿದಳು. ಪಾಪಕ್ಕನ ಹೆಸರನ್ನು ನಾವು ಹೇಳಿರಲಿಲ್ಲ.

"ಅಜ್ಜಿ. ಪಟದಲ್ಲಿರೋದು ನಮ್ಮಮ್ಮ, ಕದರಮ್ಮ."

"ಮುಖ ಆಯಮ್ಮಂದು," ಅಂದರು ಬಸವರಾಜು. "ಕುಂತಿರೋದು ಪಾಪಕ್ಕ. ನೀನೇನಾ ಆ ಕೂಸು?"

ಅಲ್ಲೇ ಒಂದು ಸ್ಟೂಲು ಎಳೆದು ನಾನು ಅವಳನ್ನು ಕೂರಿಸಿದೆ. ಮುದುಕರಿಗೆ ಅವಳ ಮುಖ ಬಾಡಿದ್ದು ಕಾಣಿಸಲಿಲ್ಲವೋ ಏನೋ, ಹಳೆಯ ಕೆಲಸ ನೆನಪಾದ ಖುಷಿಯಲ್ಲಿ ಹೇಳುತ್ತಾ ಹೋದರು. ಆಗ ಅಂಥ ಪಟಕ್ಕೆ ಜಾಯಿಂಟ್ ಪಟ ಅನ್ನುತ್ತಿದ್ದರಂತೆ. ಒಟ್ಟಿಗೆ ಪಟ ತೆಗೆಸಿಕೊಳ್ಳುವ ಮೊದಲೇ ಗಂಡ ಹೋದರೆ ಹೆಂಡತಿಯ ಪಕ್ಕ ಗಂಡನನ್ನು ತಂದು ನಿಲ್ಲಿಸುವುದು, ಮಗಳ ಮದುವೆಯ ಪಟದಲ್ಲಿ ಸತ್ತ ಅಪ್ಪನನ್ನು ಸೇರಿಸುವುದು. ಎಲ್ಲರ ಮನೆಯಲ್ಲೂ ಒಂದು ಇತ್ತು, ಯಾರೂ ಅದನ್ನು ಸುಳ್ಳು ಅನ್ನುತ್ತಿರಲಿಲ್ಲ.

"ನಿಮ್ಮಮ್ಮ ಹೋಗಿ ತಿಂಗಳೂ ಆಗಿರ್ಲಿಲ್ಲ. ಪಾಪಕ್ಕ ನಿನ್ನ ಕಂಕುಳಾಗ ಇಟ್ಕಂಡು ಬಂದ್ಲು. ಯಾರ್ದೋ ಮದುವೆ ಗುಂಪಿನ ಪಟ ತಂದಿದ್ಲು, ಅದ್ರಾಗ ಮಗಳು ನಿಂತಿದ್ಲು. ಇದ್ದದ್ದು ಅದೊಂದೇ. ಕತ್ತರಿಸ್ಬೇಕಾಗ್ತದೆ ಅಂದೆ. ಕತ್ತರಿಸು ಅಂದ್ಲು. ನಿನ್ನ ತೊಡೆ ಮ್ಯಾಲೆ ಕೂರಿಸ್ಕಂಡು ಆ ಕುರ್ಚಿ ಮ್ಯಾಲೆ ತಾನೇ ಕುಂತ್ಲು. ನನ್ನ ಮುಖ ತೆಗ್ದು ಮಗಳ ಮುಖ ಇಡು, ನಾಳೆ ಕೂಸು ನಮ್ಮಮ್ಮ ಎಲ್ಲಿ ಅಂತ ಕೇಳಿದ್ರೆ ತೋರ್ಸೋಕೆ ಏನಾನ ಬೇಕಲ್ಲ, ಅಂದ್ಲು."

ತ್ರಿವೇಣಿ ಪಟದ ಕಡೆ ನೋಡಲಿಲ್ಲ. ಅವರ ಬಾಯಿಯನ್ನೇ ನೋಡುತ್ತಿದ್ದಳು.

"ಮೊಣಕೈವರ್ಗೂ ಹಚ್ಚೆ ಇತ್ತಲ್ಲವ್ವ ಪಾಪಕ್ಕಂಗೆ. ಎಲ್ಲಾ ಬ್ರಷ್ಷಾಗ ಅಳಿಸ್ದೆ. ಬಳೆ ನಾಕು ಬರ್ದುಬಿಡ್ತೀನಿ, ಮುತ್ತೈದೆ ಮುಖಕ್ಕೆ ಬರಿಗೈ ಚೆನ್ನಾಗಿರಲ್ಲ ಅಂದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. ನಮ್ಮನೆಯವ್ರು ಹೋದ್ಮ್ಯಾಲೆ ಈ ಕೈಗೆ ಬಳೆ ಏರ್ಸಿಲ್ಲ, ಪಟದಾಗೂ ಬ್ಯಾಡ ಅಂದ್ಲು. ನಾನು ಜಗಳನೇ ಆಡ್ದೆ. ನಾಳೆ ಯಾರಾನ ನೋಡಿದ್ರೆ ಗೊತ್ತಾಗ್ತದೆ ಅಂದೆ. ಯಾರು ಕೈ ನೋಡ್ತಾರೆ ಬಿಡು, ಎಲ್ರೂ ಮುಖನೇ ನೋಡೋದು, ಅಂದ್ಲು ಕಣವ್ವ. ಅದಕ್ಕೇ ನಂಗೆ ಇವತ್ತಿಗೂ ಗ್ಯಾಪಕ ಐತೆ."

ನನಗೆ ಪಾಪಕ್ಕನ ಮೇಲೆ ಸಿಟ್ಟು ಬಂತು. ಮುಖವನ್ನೇ ಬಿಟ್ಟುಕೊಟ್ಟವಳಿಗೆ ನಾಲ್ಕು ಸುಳ್ಳು ಬಳೆ ಭಾರವಾಯಿತೇ? ಬರೆಸಿಕೊಂಡಿದ್ದರೆ ಈ ಹುಡುಗಿ ಸಾಯುವವರೆಗೂ ಅಮ್ಮನ ಕೈ ನೋಡಿಕೊಂಡು ಸುಖವಾಗಿರುತ್ತಿದ್ದಳು. ನಾನು ಬೀದಿಯ ಕಡೆ ತಿರುಗಿ ನಿಂತೆ.

"ಅಜ್ಜಿ ಮುಖ ಇರೋ ಪಟ ಇಲ್ವಾ? ಕತ್ತರಿಸೋಕೆ ಮುಂಚಿಂದು?" ತ್ರಿವೇಣಿಯ ದನಿ ಬೇರೆ ಯಾರದೋ ಹಾಗಿತ್ತು.

"ನೆಗೆಟಿವ್ ಎಲ್ಲಾ ಮಳೆ ನೀರು ನುಗ್ಗಿ ಹಾಳಾದ್ವು. ಅವತ್ತೇ ಅಂದೆ, ನಿನ್ನ ಮುಖದ್ದೂ ಒಂದು ಕಾಪಿ ಹಾಕ್ಕೊಡ್ತೀನಿ ತಗ ಅಂತ. ಬ್ಯಾಡ ಅಂದ್ಲು. ನನ್ನ ಮುಖ ಕೂಸು ದಿನಾ ನೋಡ್ತದಲ್ಲ, ಅದಕ್ಕ್ಯಾಕೆ ಪಟ, ಅಂದ್ಲು."

ಬೇರೆ ಎಲ್ಲೂ ಇಲ್ಲವೇ ಎಂದು ನಾನು ತ್ರಿವೇಣಿಯನ್ನು ಕೇಳಿದೆ. ಇಲ್ಲ. ಗಂಡ ಸತ್ತವಳು ಎಂದು ಮದುವೆ ಮುಂಜಿಯ ಪಟಗಳಲ್ಲಿ ಅವಳು ನಿಲ್ಲುತ್ತಿರಲಿಲ್ಲ, ಕರೆದರೂ ಅಡುಗೆಯ ಹಿಂದೆ ಸರಿಯುತ್ತಿದ್ದಳಂತೆ. ಓಟಿನ ಗುರುತಿನ ಕಾರ್ಡು ಒಂದಿತ್ತು. ಆ ಕಾಲದ ಕಾರ್ಡಿನ ಪಟ ನಿಮಗೆ ಗೊತ್ತಲ್ಲ, ಅದು ಪಾಪಕ್ಕನೂ ಆಗಬಹುದು, ಕಾಡಿಗೆಯ ಮಸಿಯೂ ಆಗಬಹುದು. ಅದೂ ಈಗ ಎಲ್ಲಿದೆಯೋ.

ಕಂಪ್ಯೂಟರಿನ ಮುಂದಿದ್ದ ಯುವರಾಜ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಒಳ್ಳೆಯ ಹುಡುಗ. "ಮೇಡಂ, ಈಗ ಎಲ್ಲಾ ಆಗ್ತದೆ. ಪಟ ಇಲ್ದಿದ್ರೂ ಪರ್ವಾಗಿಲ್ಲ. ನೀವು ಹೇಳ್ತಾ ಹೋಗಿ, ಕಂಪ್ಯೂಟರು ಮುಖ ಮಾಡ್ಕೊಡ್ತದೆ. ಹಂಗೇ ಈ ದೇಹಕ್ಕೆ ಕೂರಿಸ್ಬಿಡೋಣ. ಹೇಳಿ, ಮುಖ ದುಂಡಗಿತ್ತಾ, ಉದ್ದ ಇತ್ತಾ?"

ತ್ರಿವೇಣಿ ಸ್ಟೂಲನ್ನು ಅವನ ಹತ್ತಿರ ಎಳೆದುಕೊಂಡಳು. ಎಂಥ ಆಸೆಯಿಂದ ಕೂತಳು ಅಂದರೆ, ಈ ಚಟದವಳು ಇವಳೇ ಹೌದೇ ಅನ್ನಿಸಿತು. ಬೆಳಕು ಎಲ್ಲಿಂದ ಬಂತು, ಯಾರು ಮಾಡಿದ್ದು, ಯಾಕೆ ತೋರಿಸುತ್ತಿದ್ದಾರೆ, ಒಂದನ್ನೂ ಕೇಳಲಿಲ್ಲ.

"ದುಂಡಗೆ," ಅಂದಳು. "ಹುಬ್ಬು ತೆಳ್ಳಗೆ. ಮೂಗು ಸ್ವಲ್ಪ ಮೊಂಡು. ಕೆಳತುಟಿ ದಪ್ಪ. ಹಣೆ..."

ಅಲ್ಲಿಗೆ ನಿಂತಳು. ಪಟದ ಕಡೆ ನೋಡಿದಳು. ನಾನೂ ನೋಡಿದೆ. ದುಂಡು ಮುಖ, ತೆಳ್ಳನೆಯ ಹುಬ್ಬು, ಮೊಂಡು ಮೂಗು. ಅವಳು ಹೇಳುತ್ತಿದ್ದದ್ದು ಕದರಮ್ಮನ ಮುಖ.

ಕಣ್ಣು ಮುಚ್ಚಿಕೊಂಡು ಮತ್ತೆ ಪ್ರಯತ್ನಪಟ್ಟಳು. ಯುವರಾಜ್ ಬೆರಳನ್ನು ಕೀಲಿಗಳ ಮೇಲೆ ಇಟ್ಟುಕೊಂಡು ಕಾದ. "ಕೈ ಹೇಳ್ತೀನಿ," ಅಂದಳು ಕಣ್ಣು ತೆರೆಯದೆ. "ಬಲಗೈ ಹೆಬ್ಬೆಟ್ಟಿನ ಉಗುರು ಸೀಳಿತ್ತು, ಕುಡುಗೋಲು ತಾಗಿ. ಅಂಗೈ ಒರಟು, ತಲೆ ಬಾಚುವಾಗ ಕೂದಲು ಸಿಕ್ಕಾಕ್ಕಂತಿತ್ತು. ಸೊಪ್ಪಿನ ಹಸಿರು ಹೋಗ್ತಾನೇ ಇರಲಿಲ್ಲ. ಮುಖ... ಮುಖ ಬರ್ತಿಲ್ಲ. ಎಷ್ಟು ನೆನೆಸ್ಕಂಡ್ರೂ ಅಮ್ಮಂದೇ ಬರುತ್ತೆ."

"ಅಮ್ಮನ ಮುಖಕ್ಕೇ ಸ್ವಲ್ಪ ವಯಸ್ಸು ಕೂಡಿಸ್ಲಾ ಮೇಡಂ? ತಾಯಿ ಮಗಳು ಅಂದ್ಮ್ಯಾಲೆ ಹೋಲಿಕೆ ಇದ್ದೇ ಇರ್ತದೆ. ಎರಡು ನಿಮಿಷದ ಕೆಲಸ."

ಮಾಡಪ್ಪ ಅನ್ನಬೇಕು ಅಂತ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಏನೋ ಒಂದು ಕಣ್ಣಿಗೆ ಸಿಕ್ಕರೆ ಸಾಕು, ಹುಡುಗಿ ಉಸಿರಾಡಲಿ ಎಂದು.

"ಬೇಡ," ಅಂದಳು ತ್ರಿವೇಣಿ. "ಚೆನ್ನಾಗೇ ಮಾಡ್ತೀರ. ನಾಳೆಯಿಂದ ಅದೇ ನಮ್ಮಜ್ಜಿ ಅನ್ಸಿಬಿಡುತ್ತೆ. ಯಾವತ್ತಾದ್ರೂ ನಿಜವಾದ್ದು ನೆನಪಿಗೆ ಬಂದ್ರೂ ಬಂದೀತು, ಆಗ ಅದು ಕೂರೋಕೆ ಜಾಗ ಇರಲ್ಲ."

ಬಸವರಾಜು ಕಡ್ಲೆಕಾಯಿ ಒಂದು ಹಿಡಿ ಕೊಟ್ಟರು. ದುಡ್ಡು ಗಿಡ್ಡು ಏನೂ ಬೇಡ ಅಂದರು. ನಾವು ಪಾವಗಡದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಅವಳು, ಈ ಕಡೆ ನಾನು. ಮಡಕಶಿರದ ಬೆಟ್ಟದ ಕೋಟೆ ಹಿಂದೆ ಉಳಿಯಿತು. ನಾನು ಏನಾದರೂ ಸಮಾಧಾನ ಹೇಳಬೇಕು ಎಂದು, "ನಿನ್ನ ಎತ್ತಿಕೊಂಡಾಕಿ ಯಾರು ಅಂತ ಗೊತ್ತಾತಲ್ಲವ್ವ, ಅಷ್ಟ ಸಾಕಂತ ತಿಳ್ಕೋ," ಅಂದೆ.

"ಅಕ್ಕಾ, ನಿಮಗೊಂದು ಹೇಳಲಿಲ್ಲ," ಅಂದಳು. "ಅಜ್ಜಿ ಬಯ್ದಾಗ್ಲೆಲ್ಲಾ ನಾನು ಹೋಗಿ ಆ ಪಟದ ಕೆಳಗೆ ಕೂತ್ಕಂತಿದ್ದೆ. ನೀನು ಬರೀ ಬಯ್ತೀಯ, ನಮ್ಮಮ್ಮ ನೋಡು ನನ್ನ ಹೆಂಗೆ ಎತ್ಕಂಡಿದಾಳೆ, ನೀನು ಯಾವತ್ತಾದ್ರೂ ಹಂಗೆ ಎತ್ಕಂಡಿದೀಯಾ ಅಂತಿದ್ದೆ. ದಿನಾ ಅಂತಿದ್ದೆ ಅಕ್ಕಾ. ಕೊನೇಲಿ ಜ್ವರ ಬಂದು ಮಲಗಿದ್ಲಲ್ಲ, ಅವಾಗ್ಲೂ ಅಂದೆ."

"ಅದಕ್ಕ ಆಕಿ ಏನಂತಿದ್ಲು?"

"ಇಲ್ಲ ಕಣವ್ವ, ನಾನೆಲ್ಲಿ ಎತ್ಕಂಡೆ, ಅವಳೇ ಎತ್ಕಂಡಿರೋದು, ಅಂತಿದ್ಲು. ಅಂದು ಒಲೆ ಕಡೆ ತಿರುಗ್ತಿದ್ಲು."

ಅಲ್ಲಿಗೆ ಅವಳು ನನ್ನ ಹೆಗಲಿಗೆ ಹಣೆ ಹಚ್ಚಿದಳು. ಅಷ್ಟು ದೊಡ್ಡ ಹೆಂಗಸು, ಟೀಚರು, ಬಸ್ಸಿನ ತುಂಬ ಜನ ಇದ್ದಾರೆ ಅನ್ನುವುದನ್ನೂ ಮರೆತು, "ನನಗೆ ಅಜ್ಜಿ ಬೇಕು ಅಕ್ಕಾ," ಅಂದಳು. ನಾನು ಅವಳ ತಲೆ ಸವರಿದೆ. ಪಾವಗಡ ಬರುವವರೆಗೂ ಅದೊಂದೇ ಮಾತು ಅನ್ನುತ್ತಿದ್ದಳು.